ಕೋಟಿನ ಎರಡನೇ ಗುಂಡಿ

ಆ ಬೀದಿಯಲ್ಲಿ ಸತ್ತ ಗಂಡಸರೆಲ್ಲ ಒಂದೇ ಕೋಟು ತೊಟ್ಟು ಗೋಡೆಯ ಮೇಲೆ ಕೂತಿದ್ದಾರೆ. ಬೂದು ಬಣ್ಣ, ಮೂರು ಗುಂಡಿ, ಅಗಲವಾದ ಹೆಗಲು. ಬಡಗಿ ತಾತನದೂ ಅದೇ ಕೋಟು, ಬ್ಯಾಂಕಿನ ಕಾವಲುಗಾರನದೂ ಅದೇ ಕೋಟು. ಬದುಕಿದ್ದಷ್ಟು ದಿನ ಬನಿಯನ್ ಬಿಟ್ಟು ಇನ್ನೊಂದು ಬಟ್ಟೆ ಕಂಡರಾಗದಿದ್ದ ಹಿಟ್ಟಿನ ಗಿರಣಿಯವನೂ ಈಗ ಅದನ್ನೇ ತೊಟ್ಟು ಗಂಭೀರವಾಗಿದ್ದಾನೆ. ಇದನ್ನು ಯಾರೂ ಗಮನಿಸಿದಂತಿಲ್ಲ. ಸತ್ತವರ ಫೋಟೋದಲ್ಲಿ ಜನ ಮುಖ ನೋಡುತ್ತಾರೆ. ಕೋಟು ಯಾರಿಗೆ ಬೇಕು.

ಗಮನಿಸುವವರು ಇಬ್ಬರೇ. ಒಬ್ಬಳು ಆ ಫೋಟೋಗಳನ್ನು ಮಾಡಿಕೊಟ್ಟವಳು, ಬೀದಿಯ ತಿರುವಿನಲ್ಲಿರುವ ಸ್ಟುಡಿಯೋದ ಒಡತಿ. ವಯಸ್ಸು ನಲವತ್ತು, ಊರಿನ ಬಾಯಲ್ಲಿ ಅವಳು ಸ್ಟುಡಿಯೋ ಅಕ್ಕ. ಇನ್ನೊಬ್ಬಳು ಅವಳ ತಾಯಿ.

ಸ್ಟುಡಿಯೋ ಎಂದರೆ ಉದ್ದನೆಯ ಒಂದು ಕೋಣೆ. ಮುಂದೆ ಗಾಜಿನ ಮೇಜು, ನಡುವೆ ನೀಲಿ ಪರದೆ ಮತ್ತು ತಿರುಗುವ ಸ್ಟೂಲು, ತೀರಾ ಹಿಂದೆ, ಬಿಸಿಲು ಮುಟ್ಟದ ಮೂಲೆಯಲ್ಲಿ ಕಂಪ್ಯೂಟರ್. ಬೆಳಿಗ್ಗೆ ಅದನ್ನು ಹಚ್ಚಿದರೆ ಮೊದಲು ಗಂಟಲು ಸರಿಮಾಡಿಕೊಳ್ಳುವಂತೆ ಒಂದು ಸದ್ದು ಬರುತ್ತದೆ. ಆಮೇಲೆ ಪರದೆಯ ಮೇಲೆ ಒಂದು ಚೌಕ ಮೂಡುತ್ತದೆ: ಈ ಸಿಸ್ಟಮ್ ಹಳೆಯದಾಯಿತು, ಇನ್ನು ಇದರ ಹೊಣೆ ನಮ್ಮದಲ್ಲ, ಹೊಸದಕ್ಕೆ ಬನ್ನಿ. ಕೆಳಗೆ ಎರಡು ಗುಂಡಿಗಳು. ಒಂದು, ಈಗಲೇ. ಇನ್ನೊಂದು, ಆಮೇಲೆ ನೆನಪಿಸು. ಎರಡು ವರ್ಷದಿಂದ ಅವಳು ದಿನವೂ ಎರಡನೆಯದನ್ನೇ ಒತ್ತುತ್ತಾ ಬಂದಿದ್ದಳು.

ಆ ವಾರ ಅದು ಮೂರು ಸಲ ತಾನಾಗಿಯೇ ಆರಿತು. ಅವಳು ಡಾಕ್ಟ್ರನ್ನು ಕರೆಸಿದಳು. ಡಾಕ್ಟ್ರು ಅಂದರೆ ಕಂಪ್ಯೂಟರ್ ರಿಪೇರಿಯವನು. ಬಂದ ಕೂಡಲೇ ಪೆಟ್ಟಿಗೆಗೆ ಕಿವಿ ಹಚ್ಚಿ ಕಣ್ಣು ಮುಚ್ಚುವ ಅಭ್ಯಾಸದಿಂದ ಆ ಹೆಸರು ಬಂದಿತ್ತು.

"ಬದುಕುತ್ತಾ ಡಾಕ್ಟ್ರೇ?"

"ಹಾಸಿಗೆ ಹಿಡಿದಿದೆ ಅಕ್ಕ. ಹಡೆದ ಕಂಪನಿನೇ ಕೈ ತೊಳ್ಕೊಂಡಿದೆ, ನೀವು ಮಾತ್ರ ತಲೆದಿಂಬು ಸರಿಮಾಡ್ತಾ ಕೂತಿದೀರಿ."

"ನಡೀತಾ ಇದೆಯಲ್ಲ."

"ನಡೀತಾ ಇಲ್ಲ, ತೆವಳ್ತಾ ಇದೆ. ಅರ್ಜಿ ಹಾಕೋ ಸೈಟ್ ಇದರಲ್ಲಿ ತೆರೆಯಲ್ಲ. ಹೊಸ ಪ್ರಿಂಟರ್ ಇದರ ಮಾತು ಕೇಳಲ್ಲ. ಮೊನ್ನೆ ಕಾಲೇಜ್ ಹುಡುಗೀರು ಆರು ಜನ ಬಂದ ದಾರೀಲೇ ವಾಪಸ್ ಹೋದ್ರು, ನಾನೇ ನೋಡಿದೆ. ಹಿಂಗೇ ಆದ್ರೆ ಆರು ತಿಂಗಳಲ್ಲಿ ನೀವು ಷಟರ್ ಎಳೆದು ನನ್ನ ಅಂಗಡೀಲಿ ಸ್ಕ್ರೂ ಎಣಿಸ್ತಾ ಕೂರ್ಬೇಕು."

ಅವಳು ನಕ್ಕಳು. ಮತ್ತೆ ಮೆಲ್ಲಗೆ ಕೇಳಿದಳು. "ನನ್ನ ಹಳೇ ಟಚಪ್ ಪ್ರೋಗ್ರಾಂ ಹೊಸದರಲ್ಲಿ ಓಡುತ್ತಾ?"

"ಅದನ್ನ ಮಾಡಿದೋರೇ ಅಂಗಡಿ ಮುಚ್ಕೊಂಡು ಎಷ್ಟೋ ವರ್ಷ ಆಯ್ತು. ಚಿಂತೆ ಬೇಡ, ಫೈಲುಗಳನ್ನೆಲ್ಲ ಸಾದಾ ಫೋಟೋ ಮಾಡಿ ಈಚೆ ತೆಗೆದುಕೊಡ್ತೀನಿ. ಒಂದೂ ಕಳೆಯಲ್ಲ. ಹೇಗಿದೆಯೋ ಹಾಗೇ ಇರುತ್ತೆ, ಒಂದು ಕೂದಲೂ ಕದಲಲ್ಲ."

ನೀಲಿ ಪರದೆಯ ಆಚೆ ಸ್ಟೂಲಿನ ಮೇಲೆ ಕೂತಿದ್ದ ತಾಯಿ ತಲೆ ಎತ್ತಿದಳು. "ಕದಲಲ್ವಾ?" ಎಂದಳು.

ಹದಿನೆಂಟು ವರ್ಷದ ಹಿಂದೆ ಆ ಸ್ಟುಡಿಯೋ ಮಗಳದಲ್ಲ, ಅವಳ ಅಣ್ಣನದು. ಅವನು ಕ್ಯಾಮೆರಾ ಹಿಡಿಯುತ್ತಿದ್ದ, ಅವಳು ಕಂಪ್ಯೂಟರಿನಲ್ಲಿ ಮೊಡವೆ, ನೆರಳು, ಕೆದರಿದ ಕೂದಲು ತಿದ್ದುತ್ತಿದ್ದಳು. ಕೋಟಿಲ್ಲದೆ ಬರುವ ಗಿರಾಕಿಗಳಿಗೆಂದು ಗೂಟದಲ್ಲಿ ಒಂದು ಬೂದು ಕೋಟು ತೂಗುತ್ತಿತ್ತು. ಒಂದು ದಿನ ಬಡಗಿಯ ಮನೆಯವರು ತೀರಿಕೊಂಡ ತಾತನ ಫೋಟೋ ತಂದರು. ಉಗುರಿನಷ್ಟು ಮುಖ, ಕತ್ತಿನ ಕೆಳಗೆ ಕಾಗದ ಹರಿದಿತ್ತು. ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಕೊಡಿ ಎಂದರು.

"ತಲೆ ಕೊಟ್ಟು ಹೋದರು. ಮೈ ಎಲ್ಲಿಂದ ತರಲಿ ಅಣ್ಣ?"

"ನನ್ನದು ತಗೋ." ಅಣ್ಣ ಗೂಟದ ಕೋಟು ತೊಟ್ಟು ಸ್ಟೂಲಿನ ಮೇಲೆ ಕೂತ. "ತಲೆ ಕತ್ತರಿಸಿ ಬಿಸಾಕು. ಅದರೊಳಗೆ ಏನೂ ಇಲ್ಲ ಅಂತ ಅಮ್ಮ ದಿನಾ ಹೇಳ್ತಾಳಲ್ಲ."

ಅವಳು ನಗುತ್ತಲೇ ಕತ್ತರಿಸಿದಳು. ಉಳಿದದ್ದಕ್ಕೆ 'ಕೋಟು' ಎಂದು ಹೆಸರಿಟ್ಟಳು. ಆ ಹೆಗಲ ಮೇಲೆ ಬಡಗಿ ತಾತನ ತಲೆ ಹೇಳಿ ಮಾಡಿಸಿದಂತೆ ಕೂತಿತು.

ಹನ್ನೊಂದು ದಿನ ಕಳೆದು, ಚಳಿಯಿದ್ದ ಒಂದು ಬೆಳಿಗ್ಗೆ, ಅಣ್ಣ ಅದೇ ಕೋಟು ಏರಿಸಿಕೊಂಡು, "ಇಲ್ಲೇ ಹೋಗಿ ಬರ್ತೀನಿ" ಎಂದು ಹೊರಟ. ಬರಲಿಲ್ಲ. ಜಗಳವಿರಲಿಲ್ಲ, ಚೀಟಿಯಿರಲಿಲ್ಲ. ಪೊಲೀಸರು ಫೋಟೋ ಕೇಳಿದರು. ಊರಿನವರ ಮುಖಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟಿದ್ದ ಆ ಕೋಣೆಯಲ್ಲಿ ಅವನದೊಂದು ಮುಖ ಇರಲಿಲ್ಲ. ಕ್ಯಾಮೆರಾದ ಹಿಂದೆ ನಿಲ್ಲುವವನ ಫೋಟೋ ತೆಗೆಯುವವರು ಯಾರು? ಶಾಲೆಯ ಗುಂಪಿನ ಚಿತ್ರವೊಂದಿತ್ತು. ಅದರಲ್ಲೂ ಅವನು ಮುಂದಿನವನ ಟೋಪಿಯ ಹಿಂದೆ ಮರೆಯಾಗಿದ್ದ. ಅವಳ ಬಳಿ ಇದ್ದದ್ದು ತಲೆಯಿಲ್ಲದ ಒಂದು ಕೋಟು. ಅದನ್ನು ಪೊಲೀಸರಿಗೆ ತೋರಿಸುವ ಹಾಗಿರಲಿಲ್ಲ.

ಅವಳೇ ಸ್ಟುಡಿಯೋ ನಡೆಸಿದಳು. ಸತ್ತವರ ಮನೆಯಿಂದ ಹರಿದ ಫೋಟೋ ಬಂದಾಗಲೆಲ್ಲ 'ಕೋಟು' ತೆರೆಯುವಳು, ಮೇಲೆ ತಲೆ ಕೂಡಿಸುವಳು, ಪ್ರಿಂಟ್ ತೆಗೆಯುವಳು, ಏನನ್ನೂ ಉಳಿಸದೆ ಮುಚ್ಚುವಳು. ಆ ಹೊತ್ತಿಗೆ ತಾಯಿ ಬಂದು ಬೆನ್ನ ಹಿಂದೆ ನಿಲ್ಲುವಳು. ತಲೆ ಕೂಡಿಸುವ ಮೊದಲು ಒಂದು ನಿಮಿಷ ಬಿಡಬೇಕು. ಅದು ಇಬ್ಬರ ನಡುವೆ ಯಾರೂ ಹೇಳದೆ ಆದ ಒಪ್ಪಂದ.

ಅಣ್ಣ ಹೋದ ಏಳನೇ ವರ್ಷ ತಾಯಿ ಹೇಳಿದಳು. "ಸೊರಗಿದ್ದಾನೆ."

"ಯಾರಮ್ಮ?"

"ಎಡಗಡೆ ಹೆಗಲು ನೋಡು. ಭಾರದ್ದೇನೋ ಹೊರೋ ಕೆಲಸ ಮಾಡ್ತಿದ್ದಾನೆ."

ಅವಳು ನಕ್ಕು ಸುಮ್ಮನಾಗಿಸಿದಳು. ಆದರೆ ಮರುದಿನ ಮಧ್ಯಾಹ್ನ, ಊಟ ಮುಗಿಸಿ, ಅಂಚೆಯವನ ಹೆಂಡತಿಯ ಮನೆಗೆ ಹೋದಳು. ಅಂಚೆಯವನು ತೀರಿಕೊಂಡದ್ದು ಅಣ್ಣ ಹೋದ ಮಾರನೆಯ ವರ್ಷ. ಗೋಡೆಯ ಮೇಲೆ ಅವನು ಮಟ್ಟಗೋಲು ಇಟ್ಟಂತೆ ನೇರವಾದ ಹೆಗಲಿನೊಂದಿಗೆ ಕೂತಿದ್ದ. ವಾಪಸ್ ಬಂದವಳೇ ಅವಳು 'ಕೋಟು' ತೆರೆದಳು. ಕಂಪ್ಯೂಟರಿನಲ್ಲಿದ್ದ ಹೆಗಲು ನೇರವಾಗಿರಲಿಲ್ಲ.

ಆಮೇಲೆ ಅವಳು ಒಂದು ಪೆನ್‌ಡ್ರೈವ್‌ನಲ್ಲಿ ಅದರ ನಕಲು ತೆಗೆದಿಟ್ಟಳು. ವರ್ಷಕ್ಕೊಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವಳು. ನಕಲು ಇದ್ದಲ್ಲೇ ಇತ್ತು. ಕಂಪ್ಯೂಟರಿನೊಳಗಿನದು ಮಾತ್ರ ಸಾಗುತ್ತಿತ್ತು. ಕಾಲರಿನ ಅಂಚು ಸವೆಯಿತು. ಎದೆಯ ಬಳಿ ಕೋಟು ಸಡಿಲವಾಯಿತು. ಒಂದು ವರ್ಷ ಬಲ ತೋಳಿನ ಮೇಲೆ ಸುಣ್ಣದಂಥ ಕಲೆ ಬಂತು, ಮುಂದಿನ ವರ್ಷ ಯಾರೋ ಒಗೆದಂತೆ ಮಾಸಿತು. ತಾಯಿ ಅದನ್ನೆಲ್ಲ ದೂರದ ಊರಿನಿಂದ ಬಂದ ಕಾಗದ ಓದುವಂತೆ ಓದುವಳು. "ಈ ಸಲ ಪರವಾಗಿಲ್ಲ," ಎನ್ನುವಳು. ಅಥವಾ, "ನಿದ್ದೆಗೆಟ್ಟಿದ್ದಾನೆ."

ಮುಖವಿರಲಿಲ್ಲ. ಆದರೆ ಕದಲುವವರೆಗೆ ಅವನು ಎಲ್ಲೋ ಇದ್ದಾನೆ. ಇಬ್ಬರೂ ಇಷ್ಟನ್ನು ಹಿಡಿದುಕೊಂಡು ಬದುಕಿದ್ದರು, ಮತ್ತು ಈ ಮಾತನ್ನು ಬಾಯಿಬಿಟ್ಟು ಆಡಿರಲಿಲ್ಲ.

ಈಗ ಡಾಕ್ಟ್ರಿಗೆ ಅದನ್ನು ತೋರಿಸದೆ ದಾರಿಯಿರಲಿಲ್ಲ. ಅವಳು ನಕಲನ್ನೂ ಮೂಲವನ್ನೂ ಪಕ್ಕಪಕ್ಕ ತೆರೆದಳು. ಅವನು ಮೂಗು ತಾಗುವಷ್ಟು ಬಗ್ಗಿ ನೋಡಿದ.

"ನೀವೇ ತಿದ್ದಿರ್ತೀರಿ ಅಕ್ಕ. ತಲೆ ಕೂರಿಸುವಾಗ ಕೈ ತಾಗಿರುತ್ತೆ. ಫೈಲು ಸಾವಿರ ಸಲ ತೆರೆದ್ರೆ ಸವೆಯುತ್ತೆ ಕೂಡ." ಹೀಗೆನ್ನುತ್ತಲೇ ಅವನು ಫೈಲಿನ ತಾರೀಖು ತೆರೆದ. ಕೊನೆಯ ಬದಲಾವಣೆ ಹದಿನೆಂಟು ವರ್ಷದ ಹಿಂದೆ, ಮಧ್ಯಾಹ್ನ ಮೂರು ಗಂಟೆಗೆ ಎಂದಿತ್ತು. ಅವನು ಮತ್ತೊಮ್ಮೆ ನೋಡಿದ. ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದ.

"ಡಿಸ್ಕ್ ಇನ್ನು ಹೆಚ್ಚು ದಿನ ತಡೆಯಲ್ಲ," ಎಂದ ಕೊನೆಗೆ, ದನಿ ತಗ್ಗಿಸಿ. "ಹೊಸದು ಹಾಕೋದೋ ಬೇಡ್ವೋ ನೀವೇ ಹೇಳಿ. ಆದ್ರೆ ಇದು ತಾನಾಗಿ ನಿಂತ್ರೆ ಈಗಿನದರ ನಕಲೂ ಸಿಗಲ್ಲ. ಅಷ್ಟು ಮಾತ್ರ ಹೇಳ್ತೀನಿ." ಹೊರಡುವಾಗ ಅವನು ಕಂಪ್ಯೂಟರಿನತ್ತ ಬೆನ್ನು ಮಾಡದೆ, ಅಡ್ಡಡ್ಡ ನಡೆದು ಬಾಗಿಲು ದಾಟಿದ.

ತಾಯಿ ಮಗಳು ಪರದೆಯ ಮುಂದೆ ಉಳಿದರು. ತಾಯಿ ಕಣ್ಣು ಕಿರಿದು ಮಾಡಿದಳು.

"ಎರಡನೇ ಗುಂಡಿ."

ಎರಡನೇ ಗುಂಡಿ ಒಂದೆಳೆ ದಾರದಲ್ಲಿ ನೇತಾಡುತ್ತಿತ್ತು. ಹಿಂದಿನ ತಿಂಗಳು ಅದು ಗಟ್ಟಿಯಾಗಿಯೇ ಇತ್ತು.

"ಒಂದು ಗುಂಡಿ ಹಾಕಿಕೊಡೋರಿಲ್ಲ ಅವನಿಗೆ," ಎಂದಳು ತಾಯಿ. "ನೀನು ಹಾಕು ಪುಟ್ಟಿ. ಊರಿನೋರ ಮುಖಾನೆಲ್ಲ ತಿದ್ದಿದೀಯ."

ಅವಳು ಅದುವರೆಗೆ ಆ ಫೈಲಿನಲ್ಲಿ ಏನನ್ನೂ ಉಳಿಸಿರಲಿಲ್ಲ. ಆ ದಿನ ಮೂರನೇ ಗುಂಡಿಯಿಂದ ಅಚ್ಚು ತೆಗೆದು, ಎರಡನೆಯದರ ಜಾಗಕ್ಕೆ ಇಟ್ಟು, ನೆರಳು ಕೊಟ್ಟು, ಉಳಿಸಿದಳು. ತಾಯಿ ಹತ್ತಿರ ಬಂದು ಗಾಜಿನ ಮೇಲೆ ಬೆರಳಾಡಿಸಿದಳು, ಹೊಲಿಗೆ ಬಿಗಿಯಾಗಿದೆಯೇ ಎಂದು ನೋಡುವವರ ಹಾಗೆ.

ಮರುದಿನ ಬೆಳಿಗ್ಗೆ ತೆರೆದರೆ ಗುಂಡಿ ಮತ್ತೆ ಅದೇ ಒಂದೆಳೆಯಲ್ಲಿ ನೇತಾಡುತ್ತಿತ್ತು. ಪೆಟ್ಟಿಗೆಯೊಳಗಿಂದ ಗಂಟಲು ಸರಿಮಾಡಿಕೊಳ್ಳುವ ಸದ್ದು ಬಂತು, ನಿಂತಿತು, ಮತ್ತೆ ಬಂತು.

ಅವಳಿಗೆ ಆಯ್ಕೆಗಳು ಸ್ಪಷ್ಟವಾಗಿಯೇ ಇದ್ದವು. ಹಳೆಯದನ್ನು ಇಟ್ಟುಕೊಂಡರೆ ಅಂಗಡಿ ಮುಚ್ಚುತ್ತದೆ, ಆದರೆ ಡಿಸ್ಕ್ ನಿಲ್ಲುವವರೆಗೆ ಅಣ್ಣ ಕಾಣುತ್ತಾನೆ. ಹೊಸದಕ್ಕೆ ಹೋದರೆ ಅಂಗಡಿ ಉಳಿಯುತ್ತದೆ. ಅಣ್ಣ ಈಗಿನ ನಲವತ್ತನಾಲ್ಕರ ವಯಸ್ಸಿಗೇ ನಿಂತುಬಿಡುತ್ತಾನೆ, ಹರಿಯುವ ದಾರದೊಂದಿಗೆ. ಮತ್ತೆಂದೂ ಏನೂ ತಿಳಿಯುವುದಿಲ್ಲ. ಮೊದಲೇ ಒಮ್ಮೆ ಅವನ ತಲೆ ಕತ್ತರಿಸಿದ್ದಾಳೆ, ಈ ಕೈಯಿಂದಲೇ. ಎರಡನೇ ಸಲ ಹೇಗೆ ಒತ್ತುವುದು?

ನಾಲ್ಕು ದಿನ ಅವಳು 'ಆಮೇಲೆ ನೆನಪಿಸು' ಎಂಬುದನ್ನೇ ಒತ್ತಿದಳು. ಐದನೆಯ ದಿನ ತಾಯಿಯೇ ಹೇಳಿದಳು, ಅಡುಗೆಮನೆಯಲ್ಲಿ, ಪಾತ್ರೆ ಒರೆಸುತ್ತಾ.

"ಹೊಸದು ಹಾಕಿಸು."

"ಅಮ್ಮ, ಆಮೇಲೆ ಕಾಣಿಸಲ್ಲ."

"ಗೊತ್ತು." ತಾಯಿ ಪಾತ್ರೆಯನ್ನು ಬೋರಲು ಹಾಕಿದಳು. "ಒಂದು ಬೆಳಿಗ್ಗೆ ನೋಡಿದಾಗ ಅದು ಕದಲೋದು ನಿಂತಿದ್ರೆ? ವರ್ಷ ಎರಡು ವರ್ಷ ಹಾಗೇ ಇದ್ರೆ? ಅದನ್ನ ನೋಡೋ ಗುಂಡಿಗೆ ನನಗಿಲ್ಲ ಪುಟ್ಟಿ. ಇದ್ದಾನೆ ಅಂತ ಗೊತ್ತಿರುವಾಗಲೇ ಬಾಗಿಲು ಮುಂದೆ ಮಾಡು. ಊರಿನ ಹೆಣಕ್ಕೆಲ್ಲ ಹೆಗಲು ಕೊಟ್ಟು ಅವನಿಗೂ ಸಾಕಾಗಿರುತ್ತೆ."

ಶನಿವಾರ ಡಾಕ್ಟ್ರು ಬಂದ. ಎರಡು ಗಂಟೆಯ ಕೆಲಸ. ಅವನು ಹಳೆಯ ಡಿಸ್ಕನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ತಾಯಿಯ ಕೈಗೆ ಕೊಟ್ಟ. ಬೆಚ್ಚಗಿತ್ತು. ಅದು ಪೂರ್ತಿ ಆರುವವರೆಗೂ ಅವಳು ಮಡಿಲಲ್ಲಿಟ್ಟುಕೊಂಡು ಕೂತಳು.

ಹೊಸ ಸಿಸ್ಟಮ್ ಸದ್ದಿಲ್ಲದೆ ಎದ್ದಿತು. ಯಾವ ಚೌಕವೂ ಏನನ್ನೂ ಕೇಳಲಿಲ್ಲ. ಅರ್ಜಿಯ ಸೈಟ್ ತೆರೆಯಿತು, ಪ್ರಿಂಟರ್ ಮಾತು ಕೇಳಿತು, ಕಾಲೇಜಿನ ಹುಡುಗಿಯರು ಸಾಲು ನಿಂತರು. ಸತ್ತವರಿಗೆಂದು ಅವಳು ಯಾರದೋ ಪರದೇಶದವನ ಕೋಟು ಹುಡುಕಿಕೊಂಡಳು. ಕಪ್ಪು, ಹೊಳಪು, ಒಳಗೆ ಯಾರೂ ಇಲ್ಲದಂಥದ್ದು. 'ಕೋಟು' ಸಾದಾ ಫೋಟೋ ಆಗಿ ಒಂದು ಮೂಲೆಯಲ್ಲಿತ್ತು. ಮೊದಮೊದಲು ದಿನವೂ ನೋಡಿದಳು. ಗುಂಡಿ ಬೀಳಲೂ ಇಲ್ಲ, ನಿಲ್ಲಲೂ ಇಲ್ಲ. ಆಮೇಲೆ ನೋಡುವುದನ್ನು ಬಿಟ್ಟಳು.

ಮೂರು ತಿಂಗಳಾದ ಮೇಲೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಅಂಚೆಯವನ ಹೆಂಡತಿ ಚೌಕಟ್ಟನ್ನು ಕಂಕುಳಲ್ಲಿ ಅವಚಿಕೊಂಡು ಬಂದಳು.

"ನೋಡೇ ತಾಯಿ, ನಿನ್ನ ಪ್ರಿಂಟು ಹಾಳಾಗಿದೆ. ನಮ್ಮ ಯಜಮಾನರ ಮುಖ ಹಾಗೇ ಇದೆ, ಮೈ ಇಳಿದು ಹೋಗಿದೆ. ಬದುಕಿದ್ದಾಗ ಇಳಿಸು ಇಳಿಸು ಅಂತ ಬಡ್ಕೊಂಡೆ, ಇಳಿಸಲಿಲ್ಲ. ಈಗ ಗೋಡೆ ಮೇಲೆ ಕೂತು ಇಳಿಸಿದಾರೆ."

"ಶೀತಕ್ಕೆ ಕಾಗದ ಎಳೆದಿರುತ್ತೆ ಆಂಟಿ," ಎನ್ನುತ್ತಾ ಅವಳು ಚೌಕಟ್ಟನ್ನು ಗಾಜಿನ ಮೇಜಿನ ಮೇಲೆ ಮಲಗಿಸಿದಳು.

ಹದಿನೇಳು ವರ್ಷದ ಹಿಂದೆ ಅವಳೇ ಮಾಡಿದ ಪ್ರಿಂಟು. ನೇರವಾಗಿದ್ದ ಎಡ ಹೆಗಲು ಕೆಳಗಿಳಿದಿತ್ತು. ಕಾಲರು ಸವೆದಿತ್ತು. ಅವಳ ಕಣ್ಣು ತಾನಾಗಿ ಎರಡನೇ ಗುಂಡಿಗೆ ಹೋಯಿತು. ಗುಂಡಿ ಇದ್ದ ಜಾಗದಲ್ಲಿ ಗುಂಡಿಯಿತ್ತು. ಆದರೆ ಅದು ಮೊದಲಿನದಲ್ಲ. ಸ್ವಲ್ಪ ದೊಡ್ಡದು, ಕಂದು ಬಣ್ಣದ್ದು. ಬೂದು ಬಟ್ಟೆಯ ಮೇಲೆ ಬಿಳಿ ದಾರದಲ್ಲಿ, ಎರಡೆರಡು ಸುತ್ತು ಹಾಕಿ, ಬಿಗಿಯಾಗಿ ಹೊಲಿದಿತ್ತು.

ಅವಳು ಬೀದಿಯ ಕಡೆ ನೋಡಿದಳು. ಎದುರು ಸಾಲಿನಲ್ಲಿ ಬಡಗಿಯ ಮನೆ, ಅದರಾಚೆ ಗಿರಣಿ, ಅದರಾಚೆ ಕಾವಲುಗಾರನ ಮನೆ. ಎಲ್ಲ ಬಾಗಿಲುಗಳೂ ತೆರೆದಿದ್ದವು. ಒಳಗೆ ಗೋಡೆಗಳು ಕತ್ತಲಾಗಿದ್ದವು.

"ಅಮ್ಮ, ಸ್ವಲ್ಪ ಬಾ," ಎಂದಳು.

ತಾಯಿ ಬಂದು ಕನ್ನಡಕ ಏರಿಸಿ ಬಗ್ಗಿದಳು. ಬಹಳ ಹೊತ್ತು ನೋಡಿದಳು. ಅಂಚೆಯವನ ಹೆಂಡತಿ, "ಏನಾಗಿದೆ, ಸರಿಹೋಗುತ್ತಾ?" ಎಂದು ಎರಡು ಸಲ ಕೇಳಿದಳು.

"ಹೆಂಗಸಿನ ಕೈ," ಎಂದಳು ತಾಯಿ, ಮೆಲ್ಲಗೆ, ತನ್ನಷ್ಟಕ್ಕೆ. "ದಾರ ಹೊಂದಿಸೋಕೆ ಬರಲ್ಲ. ಆದ್ರೆ ಗಟ್ಟಿಯಾಗಿ ಹಾಕಿದ್ದಾಳೆ."