ಮೌಸಿನ ಮ್ಯಾಲಿನ ಕೈ ತೆಗೀರಿ, ಅಕ್ಕಾರ

ದೆವ್ವ, ಗಾಳಿ, ಶಕುನ ಅಂತ ಮಾತು ಬಂದರೆ ಎದ್ದು ಹೋಗುವ ಪೈಕಿ ನಾನು. ಇಷ್ಟು ವರ್ಷ ಹಾವೇರಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿದ್ದೇನೆ. ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ಹುಡುಗರಿಗೆ ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದೇನೆ. ನಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೂ, ಕರ್ಜಗಿ ರಸ್ತೆಯಲ್ಲಿ ಬೈಕಿನ ಹಿಂದೆ ಬಂದು ಕೂತ ಹೆಂಗಸಿನ ಕಥೆ ಶುರು ಮಾಡಿದರೆ, "ಆಕಿ ಹೆಲ್ಮೆಟ್ ಹಾಕ್ಕೊಂಡಿದ್ಲೇನ?" ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರು ಎರಚುತ್ತಿದ್ದೆ. ಅಂಥವಳು ಈಗ ಇದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ, ನನ್ನ ಅಭ್ಯಂತರವಿಲ್ಲ. ಹೋದ ವರ್ಷದವರೆಗೆ ನಾನೂ ನಿಮ್ಮ ಜೊತೆಗೇ ನಗುತ್ತಿದ್ದೆ.

ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠ ಮಾಡಬೇಕೆಂದು ಆದೇಶ ಬಂದಾಗ ನಮ್ಮಂಥವರ ಪಾಡು ನಾಯಿಪಾಡಾಗಿತ್ತು. ನನಗೆ ಕಂಪ್ಯೂಟರ್ ಆನ್ ಮಾಡುವುದು ಗೊತ್ತಿತ್ತು, ಅಷ್ಟೇ. ಆಗ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಾಲೇಜುಗಳ ಅಧ್ಯಾಪಕರು ಮತ್ತು ಕಂಪ್ಯೂಟರ್ ಲ್ಯಾಬಿನವರು ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡೆವು. 'ಮೂರೂರ ಬಳಗ' ಎಂದು ಹೆಸರು. ಯಾರಿಗೆ ಏನು ತೊಡಕು ಬಂದರೂ ಅಲ್ಲಿ ಹಾಕುವುದು, ಗೊತ್ತಿದ್ದವರು ಬಿಡಿಸುವುದು. ಮೇಲಿನವರು ಕೆಳಗಿನವರು ಅಂತಿರಲಿಲ್ಲ. ನಮ್ಮ ಪ್ರಾಂಶುಪಾಲರೂ ಒಮ್ಮೆ "ನನ್ನ ಪಾಸ್‌ವರ್ಡ್ ಕಳದೈತ್ರಪಾ" ಎಂದು ಅಲ್ಲಿ ಅತ್ತಿದ್ದುಂಟು.

ಆ ಬಳಗದ ಜೀವ ರಫೀಕ್. ಬ್ಯಾಡಗಿಯ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುತ್ತಿದ್ದ. ನನಗಿಂತ ಬಹಳ ಸಣ್ಣವನು, ತಮ್ಮನಂಥವನು, ಅದಕ್ಕೇ ಏಕವಚನ. ನನ್ನನ್ನು ಅವನು ಮೇಡಂ ಎನ್ನದೆ ಅಕ್ಕಾರ ಎನ್ನುತ್ತಿದ್ದ, ನಮ್ಮ ಕಡೆ ಸಾಲಿಯಲ್ಲಿ ಪಾಠ ಹೇಳುವ ಹೆಣ್ಣುಮಕ್ಕಳನ್ನು ಕರೆಯುವ ಹಾಗೆ. ದೂರದಿಂದಲೇ ಇನ್ನೊಬ್ಬರ ಕಂಪ್ಯೂಟರ್ ನಡೆಸುವ ಒಂದು ವ್ಯವಸ್ಥೆಯನ್ನು ಎಲ್ಲರಿಗೂ ಹಾಕಿಕೊಟ್ಟಿದ್ದ. ಅವನು ಬ್ಯಾಡಗಿಯಲ್ಲಿ ಕೂತು ಮೌಸ್ ಆಡಿಸಿದರೆ ಇಲ್ಲಿ ನನ್ನ ಪರದೆಯ ಮೇಲೆ ಬಾಣದ ಗುರುತು ಓಡಾಡುತ್ತಿತ್ತು. ಶುರು ಮಾಡುವ ಮೊದಲು ಫೋನಿನಲ್ಲಿ ಒಂದೇ ಮಾತು: "ಮೌಸಿನ ಮ್ಯಾಲಿನ ಕೈ ತೆಗೀರಿ, ಅಕ್ಕಾರ. ನೀವೊಂದ್ ಕಡೆ ಜಗ್ಗಿ, ನಾನೊಂದ್ ಕಡೆ ಜಗ್ಗಿದ್ರ ಬಂಡಿ ನಡೆಂಗಿಲ್ಲ." ದಾರಿಯನ್ನೆಲ್ಲ ತೋರಿಸಿ, ಒತ್ತಬೇಕಾದ ಗುಂಡಿಯ ಸುತ್ತ ಬಾಣವನ್ನು ಗುಂಡಗೆ ಸುತ್ತಿಸಿ ನಿಲ್ಲಿಸುತ್ತಿದ್ದ. ಒತ್ತುತ್ತಿರಲಿಲ್ಲ. "ಕಡೀದು ನೀವ ಒತ್ರಿ. ಹುಡುಗೂರು ನಿಮ್ಮವು, ಮಾರ್ಕ್ಸ್ ನಿಮ್ಮವು." ಕೆಲಸ ಮುಗಿದ ಮೇಲೆ ಬಾಣವನ್ನು ಕೆಳಗೆ ಬಲಮೂಲೆಗೆ, ಗಡಿಯಾರ ತೋರಿಸುವಲ್ಲಿಗೆ, ಒಯ್ದು ಇಡುತ್ತಿದ್ದ. ಚಪ್ಪಲಿ ಮೆಟ್ಟಿಕೊಂಡು ಹೊರಡುವವರ ಹಾಗೆ ಅದು.

ಅವನಿಗೆ ಕೆಮ್ಮು ಇತ್ತು. ಬ್ಯಾಡಗಿ ಎಂದ ಮೇಲೆ ಕೇಳಬೇಕೇ, ಮೆಣಸಿನಕಾಯಿ ಸುಗ್ಗಿಯಲ್ಲಿ ಆ ಊರಿನ ಬಸ್ಸು ಇಳಿದವರೆಲ್ಲ ಸೀನುತ್ತಲೇ ಇಳಿಯುತ್ತಾರೆ. ಅವನೂ ಘಾಟು ಎಂದ, ನಾವೂ ಘಾಟು ಎಂದೆವು. ಅದು ಘಾಟಾಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು.

ಇನ್ನು ರಫೀಕ್ ಬಳಗಕ್ಕೆ ಬರುವುದಿಲ್ಲ ಎಂದುಕೊಂಡಿದ್ದೆವು. ಬಂದ. ಮಾತಿಲ್ಲದೆ ಬಂದ. ಬಾಣವೇ ಅವನ ನಾಲಿಗೆಯಾಯಿತು. ಎಡಕ್ಕೂ ಬಲಕ್ಕೂ ಪಟಪಟ ಅಲ್ಲಾಡಿಸಿದರೆ 'ಇದಲ್ಲ'. ಗುಂಡಗೆ ಸುತ್ತಿದರೆ 'ಇಲ್ಲಿ'. ಮೇಲೆ ಕೆಳಗೆ ಕುಣಿಸಿದರೆ 'ಶಭಾಷ್'. ನಾನು ತಪ್ಪು ಜಾಗಕ್ಕೆ ಹೋದರೆ ಬಾಣ ಎಷ್ಟು ಸಿಟ್ಟಿನಿಂದ ಅಲ್ಲಾಡುತ್ತಿತ್ತೆಂದರೆ, "ಅಯ್ಯ, ಬೈಬ್ಯಾಡೋ ಮಾರಾಯ" ಎಂದು ನಾನು ಪರದೆಗೇ ಹೇಳುತ್ತಿದ್ದೆ. ಅವನು ನಕ್ಕಿರಬೇಕು. ನಕ್ಕದ್ದು ಕೇಳುವಂತಿರಲಿಲ್ಲ.

ಎರಡು ವರ್ಷ ಹೀಗೆ ನಡೆಯಿತು. ಹೋದ ವರ್ಷ ರೋಗ ಮತ್ತೆ ತಿರುಗಿ ಬಂತು, ಈ ಸಲ ಬಿಡಲಿಲ್ಲ. ಇಷ್ಟು ಹತ್ತಿರದ ಬ್ಯಾಡಗಿಯಲ್ಲಿ ಅವನ ಮನೆ ಎಲ್ಲಿದೆ ಎಂದು ನನಗೆ ಗೊತ್ತಾದದ್ದು ಮಣ್ಣಿಗೆ ಹೋದ ದಿನವೇ. ಹೆಣ್ಣುಮಕ್ಕಳ ನಡುವೆ ಕೂತು ಅವನ ಮುಖವನ್ನು ಮೊದಲ ಸಲ ಎದುರಿಗೆ ನೋಡಿದೆ.

ಅವನ ಹೆಂಡತಿ ಜುಲೇಖಾ, ಗಂಡ ಹೋದ ಮೇಲೆ ಮನೆಯಲ್ಲೇ ಕೂರುವ ನಾಲ್ಕು ತಿಂಗಳ ಇದ್ದತ್ ಮುಗಿಸಿ, ಪಿಂಚಣಿ ಕಾಗದಪತ್ರಕ್ಕೆಂದು ಹಾವೇರಿಗೆ ಬಂದವಳು ನೆಟ್ಟಗೆ ನಮ್ಮ ಕಾಲೇಜಿಗೆ ಬಂದಳು. ಮಧ್ಯಾಹ್ನ, ಪರೀಕ್ಷೆ ಮುಗಿದು ರಜೆ ಇತ್ತು, ಕಾಲೇಜು ಭಣಭಣ. ಚಹಾ ಮುಟ್ಟಲಿಲ್ಲ. ಲೋಟ ಬದಿಗೆ ಸರಿಸಿ ಹೇಳಿದಳು:

"ಅಕ್ಕಾರ, ನನಗ ಅವರ ದನಿ ಮರ್ತು ಹೋಗೈತ್ರಿ. ಮಾರಿ ಕಣ್ಣಾಗ ಐತಿ, ದನಿ ಮಾತ್ರ ನೆನಪ ಆಗವಲ್ದು. ಆಪರೇಷನ್ ಆದ ಮ್ಯಾಲ ಮನ್ಯಾಗ ಎಲ್ಲಾ ಕೈಸನ್ನಿ ಒಳಗ ನಡೀತಿತ್ರಿ. ಮದಿವಿ ಸೀಡಿ ಹಾಕಿ ನೋಡಿದೆ, ಅದರ ತುಂಬ ಬರೇ ಸಿನಿಮಾ ಹಾಡು ಹಾಕ್ಯಾರ. ನಿಮ್ಮ ಗುಂಪಿನ್ಯಾಗ ಅವರು ಮಾತಾಡಿ ಕಳಸ್ತಿದ್ರಲ್ಲ, ಒಂದರ ಉಳದೈತೇನ್ರಿ?"

ಫೋನ್ ತೆಗೆದೆ. ಬಳಗದ ಹಳೆಯ ಸಂದೇಶಗಳನ್ನು ಮೇಲೆ ಮೇಲೆ ಸರಿಸುತ್ತ ಹೋದೆ. ಅವನ ದನಿಯ ಸಂದೇಶಗಳಿದ್ದವು, ಸಾಲುಸಾಲಾಗಿ, ಹೆಸರು ಸಮೇತ. ಒತ್ತಿದರೆ ಯಾವುದೂ ಹಾಡಲಿಲ್ಲ. ಫೋನ್ ಬದಲಿಸಿದಾಗ ಒಳಗಿನದೆಲ್ಲ ಹೋಗಿತ್ತು. ಈ ಕಡತ ಸಿಗುತ್ತಿಲ್ಲ, ಮತ್ತೊಮ್ಮೆ ಕಳಿಸುವಂತೆ ರಫೀಕರನ್ನೇ ಕೇಳಿ ಎಂದು ಫೋನ್ ಹೇಳಿತು. ಅದನ್ನು ಜುಲೇಖಾಳಿಗೆ ಓದಿ ಹೇಳುವ ಧೈರ್ಯ ನನಗಾಗಲಿಲ್ಲ. ರಾಣೇಬೆನ್ನೂರಿನ ಗೆಳತಿಯರಿಗೆ ಫೋನ್ ಹಚ್ಚಿದೆ, ಎಲ್ಲರದೂ ಅದೇ ಕಥೆ. ಮೆಮೊರಿ ತುಂಬಿತೆಂದು ಒಬ್ಬರು ಅಳಿಸಿದ್ದರು, ಒಬ್ಬರ ಫೋನ್ ಕಳೆದಿತ್ತು.

ಕೊನೆಗೆ ನೆನಪಾದದ್ದು ಲ್ಯಾಬಿನ ಹಳೆಯ ಕಂಪ್ಯೂಟರ್. ಕೊರೊನಾ ಕಾಲದಲ್ಲಿ ರಫೀಕ್ ನಮಗೆಲ್ಲ ಆನ್‌ಲೈನಿನಲ್ಲಿ ಒಂದು ತರಬೇತಿ ಕೊಟ್ಟಿದ್ದ; ಆಗ ನಾನು ಕೂತದ್ದು ಅದರ ಮುಂದೆಯೇ, "ಬರಲಾರದವರಿಗೆ ಆಕ್ಕೈತಿ, ರೆಕಾರ್ಡ್ ಒತ್ರಿ ಅಕ್ಕಾರ" ಎಂದು ನನ್ನಿಂದ ಒತ್ತಿಸಿದ್ದ. ನಮ್ಮ ಲ್ಯಾಬಿನ ಬಸವರಾಜ ಬೀಗ ತೆಗೆಯುತ್ತಲೇ ಹೇಳಿದ, "ಮೇಡಂ, ಆ ರೆಕಾರ್ಡಿಂಗ್ ಯಾವಾಗೋ ಒರಸಿ ಹಾಕೇನ್ರಿ. ನೆಟ್ಟೂ ಇಲ್ಲ ಎರಡ್ ದಿನದಿಂದ, ರಸ್ತೆ ಅಗಿಯೂಮುಂದ ಕೇಬಲ್ ಕಡದಾರ." ಕಂಪ್ಯೂಟರ್ ಆನ್ ಮಾಡಿ ಕೊಟ್ಟು ಅವನು ಊಟಕ್ಕೆ ಹೋದ. ನೆಟ್ ಇರಲಿಲ್ಲ ಎನ್ನುವುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಜುಲೇಖಾ ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಳು, ಕಾಗದದ ಚೀಲವನ್ನು ಮಡಿಲಲ್ಲಿ ಹಿಡಿದುಕೊಂಡು. ಪರೀಕ್ಷೆಯ ಫೋಲ್ಡರು, ತರಬೇತಿಯ ಫೋಲ್ಡರು, ಫೋಟೋಗಳು, ಒಂದೊಂದನ್ನೇ ತೆರೆದೆ. ಬಹಳ ಹುಡುಕಿದೆ. ಪ್ರತಿ ಸಲ ಒಂದು ಹೊಸದು ತೆರೆದಾಗಲೂ ಆಕೆ ಮುಂದಕ್ಕೆ ಬಾಗುತ್ತಿದ್ದಳು, ಮತ್ತೆ ಹಿಂದಕ್ಕೆ ಸರಿಯುತ್ತಿದ್ದಳು. ಅದನ್ನು ನೋಡಲಾರದೆ ನನ್ನ ಕಣ್ಣಿಗೆ ನೀರು ಬಂತು. ಮೌಸ್ ಬಿಟ್ಟು, ಕನ್ನಡಕ ತೆಗೆದು, ಎರಡೂ ಕೈಯಿಂದ ಸೆರಗಿನಲ್ಲಿ ಒರೆಸಿಕೊಂಡೆ. ಸಿಗಲಿಲ್ಲ ತಂಗಿ ಎಂದು ಹೇಗೆ ಹೇಳಲಿ ಎಂದು ಯೋಚಿಸುತ್ತ ಕನ್ನಡಕ ಏರಿಸಿದೆ.

ಪರದೆಯ ಮೇಲೆ ಬಾಣ ಅಲ್ಲಾಡುತ್ತಿತ್ತು. ಎಡಕ್ಕೆ, ಬಲಕ್ಕೆ, ಪಟಪಟ. ಇದಲ್ಲ.

ನನ್ನ ಎರಡೂ ಕೈ ಸೆರಗಿನಲ್ಲಿದ್ದವು. ಮೌಸ್ ಮೇಜಿನ ಮೇಲೆ ಮಿಸುಕದೆ ಬಿದ್ದಿತ್ತು. ಬಾಣ ಮೇಲಕ್ಕೆ ಹೋಯಿತು, ಪಕ್ಕಕ್ಕೆ ಸರಿಯಿತು, ಕೆಟ್ಟುಹೋದ ಹಳೆಯ ಪ್ರಿಂಟರಿನ ಹೆಸರಿನ ಒಂದು ಫೋಲ್ಡರಿನ ಹತ್ತಿರ ಬಂದು ಅದರ ಸುತ್ತ ಗುಂಡಗೆ ಸುತ್ತಿತು. ಮತ್ತೊಮ್ಮೆ ಸುತ್ತಿತು. ನಿಂತಿತು. ಒತ್ತಲಿಲ್ಲ.

ನನಗೆ ಹೆದರಿಕೆ ಆಗಲಿಲ್ಲ. ಖರೇ ಹೇಳಬೇಕೆಂದರೆ ಆ ಕ್ಷಣ ಅದು ವಿಚಿತ್ರವೆಂದೂ ಅನ್ನಿಸಲಿಲ್ಲ, ಅಷ್ಟು ರೂಢಿಯಾಗಿತ್ತು ನನಗೆ ಅದು. ಕೈ ಚಾಚಿ ನಾನೇ ಒತ್ತಿದೆ. ಒಳಗೆ ಒಂದೇ ಒಂದು ವಿಡಿಯೋ ಇತ್ತು. ಕೈ ತೆಗೆದೆ. ಬಾಣ ಅದರ ಸುತ್ತಲೂ ಸುತ್ತಿ ನಿಂತಿತು. ಮತ್ತೆ ಒತ್ತಿದೆ. ಆಮೇಲೆ ಬಾಣ ತಾನೇ ನಿಧಾನಕ್ಕೆ ಕೆಳಗಿಳಿದು, ಬಲಮೂಲೆಗೆ, ಗಡಿಯಾರದ ಹತ್ತಿರ ಹೋಗಿ ನಿಂತಿತು. ಆಗ ನನ್ನ ಮೈ ಜುಮ್ಮೆಂದಿತು. ತಡೆದಿದ್ದ ಅಳು ಒಡೆದು ಬಂದದ್ದೂ ಆಗಲೇ.

ಪರದೆಯ ತುಂಬ ನಮ್ಮ ಮುಖಗಳ ಸಣ್ಣ ಸಣ್ಣ ಚೌಕಗಳು ಮೂಡಿದವು. ರಫೀಕನ ಚೌಕ ಕಪ್ಪಗಿತ್ತು, ನೆಟ್ ಉಳಿಸಲು ಅವನು ಕ್ಯಾಮೆರಾ ಹಾಕುತ್ತಿರಲಿಲ್ಲ. ಕಪ್ಪು ಚೌಕದಿಂದ ದನಿ ಬಂತು.

"ನಮಸ್ಕಾರ್ರಿ ಎಲ್ಲಾರಿಗೂ. ನನ್ನ ದನಿ ಕೇಳಾಕತ್ತೈತೇನ್ರಿ?"

ಆವತ್ತು ನಮಗ್ಯಾರಿಗೂ ಮೈಕ್ ಆನ್ ಮಾಡಲು ಬರುತ್ತಿರಲಿಲ್ಲ. ಯಾರೂ ಉತ್ತರ ಕೊಡಲಿಲ್ಲ. ಅವನು ಮತ್ತೆ ಕೇಳಿದ. "ಹಲೋ, ಯಾರಿಗರ ಕೇಳಾಕತ್ತೈತೇನ್ರಿ?"

"ಕೇಳಾಕತ್ತೈತ್ರಿ," ಎಂದಳು ಜುಲೇಖಾ. ಸ್ಟೂಲಿನಿಂದ ಎದ್ದು ನಿಂತಿದ್ದಳು. ಒಂದು ಕೈಯನ್ನು ಆ ಕಪ್ಪು ಚೌಕದ ಮೇಲಿಟ್ಟಿದ್ದಳು. "ನನಗ ಕೇಳಾಕತ್ತೈತಿ. ಮಾತಾಡ್ರಿ ನೀವು."

ಅವನು ಮಾತಾಡಿದ. ಮಾರ್ಕ್ಸ್ ಎಲ್ಲಿ ತುಂಬಬೇಕು, ಹಾಜರಿ ಎಲ್ಲಿ ಹಾಕಬೇಕು, ಎಲ್ಲ ಹೇಳಿದ. ಆಕೆ ಒಂದಕ್ಷರ ಬಿಡದೆ ನಿಂತೇ ಕೇಳಿದಳು. ನಡುವೆ ಕೆಮ್ಮು ಬಂತು, ಅಷ್ಟರಲ್ಲಿ ಮೈಕ್ ಹಚ್ಚಲು ಕಲಿತಿದ್ದ ಯಾರೋ "ಬ್ಯಾಡಗಿ ಘಾಟು!" ಎಂದರು, ನಾವೆಲ್ಲ ನಕ್ಕೆವು. ಪರದೆಯಲ್ಲಿ ನಾನೂ ನಗುತ್ತಿದ್ದೆ. ತಡೆಯಲಾರದೆ ಅದನ್ನು ಮುಂದೆ ಓಡಿಸಲು ಕೈ ಚಾಚಿದರೆ ಆಕೆ ನನ್ನ ಮುಂಗೈ ಹಿಡಿದಳು. "ಇರ್ಲಿ ಬಿಡ್ರಿ ಅಕ್ಕಾರ. ಕೆಮ್ಮೂ ಅವರದ."

ಊಟ ಮುಗಿಸಿ ಬಂದ ಬಸವರಾಜನಿಗೆ ಹೇಳಿದೆ. "ಮೌಸ್ ಹಳೇದ್ರಿ ಮೇಡಂ, ಒಮ್ಮೊಮ್ಮೆ ತಾನ ಜರೀತೈತಿ," ಎಂದ. ಇರಬಹುದು. ಆ ವಾರವೆಲ್ಲ ಬಿಡುವಾದಾಗಲೆಲ್ಲ ಆ ಮೌಸನ್ನು ಮೇಜಿನ ಮೇಲಿಟ್ಟು ಕಾದು ಕೂತೆ. ಒಂದೆರಡು ಸಲ ಬಾಣ ಕೂದಲೆಳೆಯಷ್ಟು ಜರಿಯಿತು, ನೆಟ್ಟಗೆ. ಸುತ್ತಲಿಲ್ಲ, ಅಲ್ಲಾಡಲಿಲ್ಲ. ಆ ವಿಡಿಯೋವನ್ನು ಪ್ರಿಂಟರಿನ ಫೋಲ್ಡರಿಗೆ ಯಾರು ಹಾಕಿದರೆಂದು ಬಸವರಾಜನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಳುತ್ತಿದ್ದ ಕಣ್ಣು ಏನೋ ಕಂಡಿತು ಎಂದು ಇನ್ನೊಬ್ಬರು ಹೇಳಿದ್ದರೆ ನಾನೇ ತಳ್ಳಿಹಾಕುತ್ತಿದ್ದೆ. ಆದರೆ ಆ ಫೋಲ್ಡರನ್ನು ನಾನು ತೆರೆಯುತ್ತಿರಲಿಲ್ಲ, ಇದಂತೂ ಖರೇ.

ಬಸ್ ಸ್ಟ್ಯಾಂಡಿನಲ್ಲಿ ಜುಲೇಖಾಳನ್ನು ಬ್ಯಾಡಗಿ ಬಸ್ಸಿಗೆ ಹತ್ತಿಸುವಾಗ ಬಾಣದ ವಿಷಯ ಆಕೆಗೂ ಹೇಳಿದ್ದೆ; ಅದನ್ನು ಓಡಿಸಿದವಳು ನಾನೇ ಎಂದು ಆಕೆ ತಿಳಿದಿದ್ದಳು. ಬೆಚ್ಚುತ್ತಾಳೆ ಎಂದುಕೊಂಡಿದ್ದೆ. ವಿಡಿಯೋ ಹಾಕಿಕೊಟ್ಟ ಫೋನನ್ನು ಎದೆಗೆ ಹಿಡಿದುಕೊಂಡು, "ನಿಮಗ ಸಿಗವಲ್ದಾಗಿತ್ತು, ತೋರ್ಸ್ಯಾರ. ಮೊದಲಿಂದ್ಲೂ ಅವರ ಕೆಲಸ ಅದ ಅಲ್ಲೇನ್ರಿ?" ಎಂದಳು.

ಬಳಗದಿಂದ ಅವನ ಹೆಸರನ್ನು ಯಾರೂ ತೆಗೆದಿಲ್ಲ. ನನಗೆ ಮಾತ್ರ ಒಂದು ಹೊಸ ಚಟ ಅಂಟಿಕೊಂಡಿದೆ. ಕಂಪ್ಯೂಟರ್ ಮುಂದೆ ಕೂತು ದಾರಿ ತಪ್ಪಿದಾಗ, ಸುತ್ತ ಯಾರೂ ಇಲ್ಲವೆಂದು ನೋಡಿ, ಮೌಸಿನ ಮೇಲಿನ ಕೈ ತೆಗೆಯುತ್ತೇನೆ. ಸ್ವಲ್ಪ ಹೊತ್ತು ಕಾಯುತ್ತೇನೆ. ಬಾಣ ಇದ್ದಲ್ಲೇ ಇರುತ್ತದೆ.