ಮಗಳ ಸೊಂಟಕ್ಕೆ ಸುತ್ತಿದ ತಾಮ್ರ

ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು ನನ್ನ ಕಸುಬು. ಚಾಮರಾಜನಗರದ ನನ್ನ ಅಂಗಡಿಗೆ ಹರದನಹಳ್ಳಿಯಿಂದ, ಕುದೇರಿನಿಂದ ಪಂಪ್ ಮೋಟಾರು ಹೊತ್ತು ತರುತ್ತಾರೆ. 'ಸಾಬ್ರೇ, ಸುಟ್ಟೋಗದೆ, ಸಂಜೆ ವೊತ್ಗೆ ಮಾಡ್ಕೊಟ್ಬುಡಿ' ಎನ್ನುತ್ತಾರೆ. ಮಾಡಿಕೊಡುತ್ತೇನೆ. ಸುಟ್ಟದ್ದು ಯಾವುದೂ ನನ್ನ ಕೈಯಲ್ಲಿ ರಿಪೇರಿಯಾಗದೆ ಹೋಗಿಲ್ಲವೆಂಬ ಜಂಬ ನನಗೆ.

ಮನೆಯಲ್ಲಿ ಆ ಜಂಬ ನಡೆಯುತ್ತಿರಲಿಲ್ಲ. ಮಗಳಿಗೆ ಏಳನೇ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂತು. ಇನ್ಸುಲಿನ್ ತಯಾರಿಸುವ ಕೋಶಗಳೇ ಅವಳ ಮೈಯಲ್ಲಿ ಸತ್ತುಹೋಗಿವೆ, ಬದುಕಿರುವಷ್ಟು ದಿನ ಇಂಜೆಕ್ಷನ್ ಬೇಕು ಎಂದರು ಡಾಕ್ಟರು. ಬೆಳಗ್ಗೆ ಒಂದು, ಸಂಜೆ ಒಂದು. ಐದು ವರ್ಷ ನನ್ನ ಕೈಯಾರೆ ಚುಚ್ಚಿದೆ. ಬಾಗಿಲಿಲ್ಲದ ಕೋಣೆಯಲ್ಲಿ ನನ್ನನ್ನು ಕೂಡಿಹಾಕಿದ ಹಾಗಿತ್ತು.

ಒಂದು ದಿನ ಗುಂಡ್ಲುಪೇಟೆ ಕಡೆಯ ಮೇಡಂ ಒಬ್ಬರು ಬಂದರು. ಅವರ ಲ್ಯಾಬಿನ ಸಂಶೋಧನೆಗೆ ತಾಮ್ರದ ಸುರುಳಿ ಬೇಕಿತ್ತಂತೆ. ಅದಕ್ಕೆ ಕರೆಂಟ್ ಕೊಟ್ಟು, ನಡುವೆ ಗಾಜಿನ ತಟ್ಟೆಯಲ್ಲಿ ಕೋಶಗಳನ್ನಿಟ್ಟು, ಕಡಿಮೆ ಆವರ್ತನದ ಕಾಂತಕ್ಷೇತ್ರ ಅವಕ್ಕೆ ಏನು ಮಾಡುತ್ತದೆಂದು ನೋಡುತ್ತಾರಂತೆ.

'ಯಾವ ಕೋಶ ಮೇಡಂ?'

'ಇನ್ಸುಲಿನ್ ತಯಾರಿಸೋವು.'

ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟೆ. 'ಒಳ್ಳೇದಾಗುತ್ತಾ?' ಎಂದೆ.

'ಗೊತ್ತಿಲ್ಲ. ಕೆಟ್ಟದ್ದೂ ಆಗಬಹುದು. ಇದು ತಟ್ಟೆಯಲ್ಲಿರೋ ಕೋಶದ ಮಾತು, ಮನುಷ್ಯರಿಗೆ ಅಂತ ತಿಳ್ಕೋಬೇಡಿ.'

ಅಷ್ಟು ಸ್ಪಷ್ಟವಾಗಿ ಹೇಳಿದರು. ಕೇಳುವ ಕಿವಿ ಬೇಕಲ್ಲ! ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ನನಗೆ ತಾಮ್ರದ ತಂತಿ ಸಿಕ್ಕಿತ್ತು. ಮಗಳ ಸೊಂಟದ ಅಳತೆ ತೆಗೆದು ತಂತಿಯ ಪಟ್ಟಿ ಸುತ್ತಿದೆ, ಸಣ್ಣ ಟ್ರಾನ್ಸ್‌ಫಾರ್ಮರ್ ಜೋಡಿಸಿದೆ. ಸ್ಕೂಲಿನಿಂದ ಬಂದವಳನ್ನು ದಿನಾ ಅರ್ಧ ಗಂಟೆ ಅದನ್ನು ಕಟ್ಟಿ ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿದೆ. 'ಮಗು ಅದು, ಮೋಟಾರಲ್ಲ' ಎಂದಳು ಹೆಂಡತಿ. 'ನಿನಗೇನು ಗೊತ್ತು, ಸುಮ್ನಿರು' ಎಂದು ರೇಗಿದೆ.

ಒಂದು ಮಂಗಳವಾರ ಪಟ್ಟಿ ಬಿಚ್ಚಿ ಮೀಟರಿನಲ್ಲಿ ನೋಡಿದರೆ ಸಕ್ಕರೆ ಇಳಿದಿತ್ತು. ಯಾ ಅಲ್ಲಾ! ಜೋರಾಗಿ ನಕ್ಕು ಮಗಳನ್ನು ಅಪ್ಪಿಕೊಂಡೆ. ಬುಧವಾರವೂ ಇಳಿದಿತ್ತು, ಗುರುವಾರವೂ. 'ಸೋಮವಾರದಿಂದ ಇಂಜೆಕ್ಷನ್ ಬೇಡವೇ ಬೇಡ' ಎಂದೆ.

ಶುಕ್ರವಾರ ಸ್ವಿಚ್ ಹಾಕಿ ಹತ್ತು ನಿಮಿಷವೂ ಆಗಿರಲಿಲ್ಲ. ಅವಳ ಮೈಯೆಲ್ಲ ಬೆವತು, ಕೈ ಗಡಗಡ ನಡುಗಿ, ಸ್ಟೂಲಿನಿಂದ ಜಾರಿದಳು. ಶಾಕ್ ಹೊಡೆದಿದೆ ಎಂದೇ ನನಗೆ ಹೊಳೆದದ್ದು. ಸ್ವಿಚ್ ಆರಿಸಿ, ಪಟ್ಟಿ ಬಿಚ್ಚಿ, ಎಲ್ಲಿ ಕರೆಂಟ್ ಸೋರುತ್ತಿದೆ ಎಂದು ಟೆಸ್ಟರ್ ಹಿಡಿದು ಹುಡುಕುತ್ತಾ ಕೂತೆ. ಮುಟ್ಠಾಳ! ಟೀ ತಂದಿದ್ದ ಹೆಂಡತಿ ನನ್ನನ್ನು ನೂಕಿ, ಗ್ಲೂಕೋಸಿಗಾಗಿ ಮಗಳ ಸ್ಕೂಲ್ ಬ್ಯಾಗಿಗೆ ಕೈ ಹಾಕಿದಳು. ಗ್ಲೂಕೋಸ್ ಸಿಕ್ಕಿತು. ಅದರ ಜೊತೆ ಬೆಳಗ್ಗೆ ಕಟ್ಟಿಕೊಟ್ಟ ಡಬ್ಬಿಯೂ ಬಂತು. ಚಿತ್ರಾನ್ನ ಮುಟ್ಟದೆ ಹಾಗೇ ಇತ್ತು.

ಇನ್ಸುಲಿನ್ ಹಾಕಿಸಿಕೊಂಡು ಊಟ ಬಿಟ್ಟರೆ ಸಕ್ಕರೆ ಇಳಿಯದೆ ಇನ್ನೇನಾದೀತು? ಅವಳು ಚೇತರಿಸಿಕೊಂಡ ಮೇಲೆ ಕೇಳಿದೆ. ನಮ್ಮ ಮನೆಯ ಉರ್ದುವಿನಲ್ಲಿ ಮೆಲ್ಲಗೆ ಹೇಳಿದಳು: 'ಮಂಗಳವಾರ ಹೊಟ್ಟೆ ನೋವಿತ್ತು ಅಬ್ಬಾ, ಊಟ ಮಾಡ್ಲಿಲ್ಲ. ಮೀಟರ್ ನೋಡಿ ನೀವು ನಕ್ಕಿದ್ರಿ. ನೀವು ಹಂಗೆ ನಗೋದು ನಾನು ನೋಡೇ ಇರ್ಲಿಲ್ಲ.'

ಗಿರಾಕಿಗಳ ಎದುರೇ ಅತ್ತೆ. ಪಟ್ಟಿಯನ್ನು ಕತ್ತರಿಸಿ ಗುಜರಿಗೆ ಹಾಕಿದೆ. ಸೋಮವಾರ ಬೆಳಗ್ಗೆ ಎಂದಿನಂತೆ ಇಂಜೆಕ್ಷನ್ ಕೊಟ್ಟೆ, ಅವಳು ತಿಂಡಿ ತಿನ್ನುವವರೆಗೂ ಎದುರಿಗೇ ಕೂತಿದ್ದೆ.

ಈಗಲೂ ಮೀಟರಿಗೆ ರಕ್ತ ಮುಟ್ಟಿಸಿದ ಕೂಡಲೇ ಅವಳು ಅಂಕಿ ನೋಡುವುದಿಲ್ಲ, ನನ್ನ ಮುಖ ನೋಡುತ್ತಾಳೆ. ಎಷ್ಟೇ ಬಂದಿರಲಿ, ನಾನು ನಗುತ್ತೇನೆ. ಅವಳು ನಂಬುವುದಿಲ್ಲ.