ಗಾಡಿಗೆ ಕಟ್ಟಿದ ಅಕ್ಕನ ಕೈ

ಹೋದ ವಾರ ನಾನು ಬರೆದ ಒಂದು ಪೋಸ್ಟರ್ ನೋಡಿ ಒಂದು ಊರಿಗೆ ಊರೇ ಖಾಲಿ ಆತು.

ಸಿನಿಮಾ ನೋಡಾಕೆ ಹೊಂಟ್ರು ಅಂತ ತಿಳ್ಕಂಡ್ರಾ? ಅಲ್ರೀ. ಮನೆಗೆ ಬೀಗ ಜಡಿದ್ರು. ಜ್ವಾಳದ ಚೀಲ, ಕೋಳಿ ಮಂಕ್ರಿ ಗಾಡಿಗೆ ಹೇರಿದ್ರು. ಹೊಲಕ್ಕೆ ಹೋಗಿ ಗುಡ್ಲು ಹಾಕ್ಕಂಡು ಕುಂತ್ರು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಟೂರಿಂಗ್ ಟಾಕೀಸಿನ ಟೆಂಟು ಎಲ್ಲಿ ಎದ್ರೆ ಅಲ್ಲಿಗೆ ಬ್ರಷ್ಷು ಹಿಡ್ಕಂಡು ಓಡೋನು ನಾನು. ನನ್ನ ಪೋಸ್ಟರ್ ನೋಡಿ ಜನ ನಕ್ಕಿದ್ದು ಐತೆ. (ರಾಣಿಗೆ ಮೀಸೆ ಬಂದೈತೆ ಅಂತ ಹೊನ್ನಾಳ್ಯಾಗೆ ಒಬ್ಬ ಅಂದಿದ್ದ. ಅದು ಗ್ವಾಡೆ ಬಿರುಕು, ನನ್ನ ತಪ್ಪಲ್ಲ.) ಆದ್ರೆ ನೋಡಿ ಓಡಿ ಹೋಗಿದ್ದು ಇದೇ ಮೊದ್ಲು.

ಬುಡದಿಂದ ಹೇಳ್ತೀನಿ.

ನಾವು ಹುಟ್ಟಿದ್ದು ಕೆರೆಬಿಳಚಿ ಕಡೆ, ಸೂಳೆಕೆರೆ ಮಗ್ಗುಲಾಗೆ. ಬಾಗ್ಲು ತೆಗೆದ್ರೆ ನೀರು. ನಮ್ಮಕ್ಕ ಗಂಗಮ್ಮನ್ನ ಕೊಟ್ಟಿದ್ದು ಜಗಳೂರು ಸೀಮೆಗೆ, ಸೊಕ್ಕೆ ದಾರ್‍ಯಾಗಿನ ಒಂದು ಹಳ್ಳಿಗೆ. (ಊರ ಹೆಸ್ರು ಬರೆಯಲ್ಲ. ಬರೆದ್ರೆ ಅಕ್ಕ ಈ ಪೇಪರ್ ಒಲೆಗೆ ಹಾಕ್ತಾಳೆ.) ಅಲ್ಲಿ ಶಾನುಭೋಗ್ರ ಮನೆ ಬಿಟ್ರೆ ಊರಿಗೆಲ್ಲ ಇರೋದು ಒಂದೇ ಮೆಟ್ಟಿಲ ಬಾವಿ. ಕೊಡ ಹಿಡ್ಕಂಡು ಮೊಣಕಾಲು ಮಟ ನೀರಿಗೆ ಇಳೀಬೇಕು, ತುಂಬ್ಕಂಡು ಹತ್ತಬೇಕು.

ಆ ನೀರು ಕುಡಿದೋರಿಗೆ ನಾರುಹುಳ. ನೋಡಿಲ್ದೋರಿಗೆ ಹೇಳ್ತೀನಿ. ಕಾಲಾಗೆ ಗುಳ್ಳೆ ಏಳ್ತೈತೆ, ಒಡೀತೈತೆ, ಅದರಾಗಿಂದ ದಾರದಂಥ ಹುಳ ಇಣುಕ್ತೈತೆ. ಅದನ್ನ ಕಡ್ಡಿಗೆ ಸುತ್ತಿ ದಿನಾ ಒಂದೊಂದು ಬೆರಳಗಲ ಎಳೀಬೇಕು. ಅವಸರ ಮಾಡಿ ತುಂಡಾತೋ, ಕಾಲು ಊದ್ಕಂಡು ಮಲಗಿದಂಗೇ. ಉರಿ ತಡೀಲಾರ್ದೆ ಜನ ಅದೇ ಕಾಲು ತಗೊಂಡು ಅದೇ ಬಾವಿಗೆ ಇಳೀತಾರೆ. ಹುಳ ಅಲ್ಲೇ ಮರಿ ಬಿಡ್ತೈತೆ. ಆ ನೀರು ಇನ್ನೊಬ್ರು ಕುಡೀತಾರೆ. ಮುಗೀತಾ? ಎಲ್ಲಿ ಮುಗೀತೈತೆ!

ಅಕ್ಕ ಎರಡು ಬ್ಯಾಸಿಗೆ ಮಲಗಿದ್ಲು. ಕೊನೆಗೆ ಒಬ್ರು ಡಾಕ್ಟ್ರು ಹೇಳಿದ್ರು, ಬಟ್ಟೆ ಎರಡು ಮಡಿಕೆ ಮಾಡಿ ನೀರು ಸೋಸಮ್ಮ ಅಂತ. ಸೋಸಿದ್ಲು. ಆವತ್ತಿಂದ ಅವ್ಳ ಮನ್ಯಾಗೆ ಒಬ್ರಿಗೂ ಹುಳ ಎದ್ದಿಲ್ಲ. ಊರೋರು ಕಲಿತ್ರಾ? "ಗಂಗಮ್ಮ ನೀರಿಗೂ ಸೀರೆ ಉಡಿಸ್ತಾಳೆ" ಅಂತ ಆಡ್ಕಂಡ್ರು.

ಆಡ್ಕಳ್ಳಿ ಬಿಡ್ರಿ. ಆದ್ರೆ ಹೋದ ವರ್ಷ ಅಕ್ಕನ ಮಗಳು ಕಾಶಿನ ಅದೇ ಊರಾಗೆ, ನಾಲ್ಕು ಮನೆ ಆಚೆ ಕೊಟ್ರು. ಕಾಶಿ ಅತ್ತೆ ಹೊನ್ನಮ್ಮ. ಗಟ್ಟಿ ಹೆಂಗ್ಸು. "ನಮ್ಮ ಮನ್ಯಾಗೆ ನೀರು ಸೋಸೋದಾ? ನಮ್ಮನೆ ನೀರು ಕೊಳಕು ಅಂತ ಡಂಗುರ ಹೊಡೀತೀಯೇನೇ?" ಅಂತ ಸೊಸೆ ಕೈಯಾಗಿನ ಬಟ್ಟೆ ಕಿತ್ತು ಒಗೆದ್ಲಂತೆ.

ಕಾಶಿಗೆ ಈಗ ಐದು ತಿಂಗ್ಳು. ಬಾವಿ ತಳ ಕಾಣಾಕೆ ಹತ್ತೈತೆ. ಈ ಬ್ಯಾಸಿಗೆ ಕುಡಿದ ನೀರಿನ ಹುಳ ಬರೋ ಬ್ಯಾಸಿಗೆ ಕಾಲಾಗೆ ಏಳ್ತೈತೆ ಅಂತಾರೆ ಡಾಕ್ಟ್ರು. ಅಷ್ಟೊತ್ತಿಗೆ ಅವ್ಳ ಕಂಕುಳಾಗೆ ಕೂಸಿರ್ತೈತೆ. ಕಾಲು ಮುರ್ಕಂಡು ಮಲಗಿದ್ರೆ ಕೂಸು ಯಾರು ನೋಡ್ಬೇಕು?

ಆ ಡಾಕ್ಟ್ರ ತಂಗಿ ಮಗ ವಿರೂಪಾಕ್ಷ. ನ್ಯಾಮತಿ ಅಡಿಕೆ ವ್ಯಾಪಾರದೋರ ಮಗ, ಮೈಸೂರಾಗೆ ಕಾಲೇಜು ಓದ್ತಾನೆ. ರಜಕ್ಕೆ ಬಂದೋನು ಇಬ್ರು ಕ್ಲಾಸ್‌ಮೇಟುಗಳನ್ನ ಕಟ್ಕಂಡು, ಸೋದರಮಾವನ ಕೀ ಕೊಡೋ ಕ್ಯಾಮೆರಾ ಹಿಡ್ಕಂಡು ಅಕ್ಕನ ಊರಿಗೆ ಹೋಗಿ ಹತ್ತು ನಿಮಿಷದ ಸಿನಿಮಾ ತೆಗೆದ. ಮಾತಿಲ್ಲ, ಹಾಡಿಲ್ಲ. ಬೀದಿ, ಎಮ್ಮೆ, ಬಾವಿ, ಕಾಲು, ಹುಳ, ಆಮ್ಯಾಲೆ ನಮ್ಮಕ್ಕ ನೀರು ಸೋಸೋದು. ಅಷ್ಟೇ.

ಟೆಂಟು ಜಗಳೂರಾಗಿತ್ತು. ಯಜಮಾನ್ರನ್ನ ನಾನೇ ಕೇಳ್ದೆ. "ಬುಧವಾರ ಸಂಜೆ, ದೊಡ್ಡ ಪಿಕ್ಚರ್‌ಗೆ ಮುಂಚೆ ಹತ್ತು ನಿಮಿಷ ತಗೊಳ್ರಿ. ಗುರುವಾರ ಟೆಂಟು ಕೀಳ್ತೀನಿ" ಅಂದ್ರು. ಒಂದೇ ಸಲ. ಆ ಊರ ಜನ ಬರಬೇಕು. ಅವ್ರ ಜತೆ ಹೊನ್ನಮ್ಮ ಬರಬೇಕು. ಬ್ಯಾರೆ ಯಾರು ಬಂದ್ರೆಷ್ಟು ಬಿಟ್ರೆಷ್ಟು?

ಪೋಸ್ಟರ್ ಬರೆಯಾಕೆ ಕುಂತ್ವಿ. ವಿರೂಪಾಕ್ಷ ಒಂದು ಹಾಳೆ ತುಂಬ ಬರ್ಕಂಡು ಬಂದಿದ್ದ. "ಮಾನ್ಯ ಮಹಾಜನರಲ್ಲಿ ಸವಿನಯ ವಿಜ್ಞಾಪನೆ" ಅಂತ ಶುರು. ಸುತ್ತ ಬಳ್ಳಿ, ನಾಲ್ಕು ಮೂಲೆಗೆ ತಾವರೆ, ತಲೆ ಮ್ಯಾಲೆ ಸರಸ್ವತಿ.

"ರೀ, ಇದನ್ನ ಓದಿ ಮುಗಿಸೋ ಹೊತ್ತಿಗೆ ನಿಮ್ಮ ಸಿನಿಮಾ ಎರಡು ಸಲ ಮುಗಿದಿರ್ತೈತೆ" ಅಂದೆ.

"ಒಂದು ಗಾಂಭೀರ್ಯ ಬ್ಯಾಡವಾ ರುದ್ರಪ್ಪ?"

"ಆ ಊರಾಗೆ ಓದಾಕೆ ಬರೋರು ಶಾನುಭೋಗ್ರು ಒಬ್ರೇ. ಅವ್ರಿಗೆ ಮನೆ ಹಿತ್ಲಾಗೇ ಬಾವಿ ಐತೆ. ಅವ್ರಿಗೆ ಯಾಕ್ರೀ ಗಾಂಭೀರ್ಯ?"

ನಾನು ಎಲ್ಲಾ ಹೊಡೆದು ಹಾಕ್ದೆ. ಯುದ್ಧ ಬಂದು ಪೇಪರ್ರು ಸಿಗವಲ್ದು, ಹಳೇ ಪೋಸ್ಟರಿನ ಬೆನ್ನ ಮ್ಯಾಲೆ ಬರೆದೆ. ಬಣ್ಣ ಉಳಿದಿದ್ದು ಕೆಂಪು, ಕರಿ ಎರಡೇ. ಕೆಂಪು ಬಳಿದು, ಮ್ಯಾಲೆ ಕರೀ ಕಾಲು. ಕಾಲಿಂದ ಹುಳ, ಕಡ್ಡಿಗೆ ಸುತ್ತಿದ್ದು. ಕೆಳಗೆ ನಾಲ್ಕೇ ಮಾತು: "ಜ್ವಾಕೆ. ಬುಧವಾರ ಜಗಳೂರಿಗೆ ಬರ್ರಿ."

ಹಳ್ಳಿಗೆ ಸಾರಾಕೆ ಹೋಗೋ ತಮಟೆ ಹಾಲಪ್ಪಗೂ ಹಂಗೇ ಹೇಳ್ದೆ. "ಕತೆ ಹೇಳಬ್ಯಾಡ. ಇಷ್ಟು ಕೂಗು, ಪೋಸ್ಟರ್ ಹಚ್ಚು, ಬಾ."

ಮಾರನೇ ದಿನ ಹಾಲಪ್ಪ ಬಂದ. ಮುಖ ಸರಿ ಇರ್ಲಿಲ್ಲ.

"ಪೇಂಟ್ರೇ, ಜನ ಹೋದ್ರು."

"ಹೋದ್ರಾ? ಬುಧವಾರ ಅಲ್ವೇನಯ್ಯಾ ಇರೋದು?"

"ಇಲ್ಲಿಗಲ್ಲ. ಹೊಲಕ್ಕೆ."

ಸೈಕಲ್ ಹತ್ತಿ ಓಡ್ದೆ. ಬೀದಿ ತುಂಬ ಬೀಗ. ಅಕ್ಕನ ಮನೆ ಒಂದೇ ತೆಗೆದಿತ್ತು. ಕಟ್ಟೆ ಮ್ಯಾಲೆ ಕುಂತು ನನ್ನೇ ಕಾಯ್ತಿದ್ಲು.

"ಬಾರಪ್ಪಾ ಬಾ. ಪ್ಲೇಗ್ ತಂದು ಹಚ್ಚೀಯಲ್ಲ, ಇನ್ನೇನು ತಂದೀ?"

ಆವಾಗ ತಲೆಗೆ ಹೊಳೀತು. ಪ್ಲೇಗು ಬಂದಾಗ ಏನಾಗ್ತೈತೆ? ಗ್ವಾಡೆಗೆ ಕಾಗದ ಬೀಳ್ತೈತೆ. ತಮಟೆ ಬಡೀತೈತೆ. ಇಂಥ ದಿನ ಎಲ್ರೂ ಬರ್ರಿ, ಸೂಜಿ ಹಾಕ್ತೀವಿ ಅಂತಾರೆ. ಜನ ಸೂಜಿಗೆ ಹೆದ್ರಿ, ರೋಗಕ್ಕೂ ಹೆದ್ರಿ ಊರು ಬಿಡ್ತಾರೆ. ನಮ್ಮ ಕಡೆ ಹಳ್ಳಿ ಜನಕ್ಕೆ ಇದು ಕೈ ಬಳಕೆ ಕೆಲಸ, ಅರ್ಧ ದಿನ ಸಾಕು. ನನ್ನ ಪೋಸ್ಟರಿನಾಗೆ ಏನಿತ್ತು? ಕೆಂಪು, ರೋಗದ ಕಾಲು, ಬುಧವಾರ ಬರ್ರಿ.

ಬಳ್ಳಿ ತೆಗೆದೆ, ಸರಿ. ಸರಸ್ವತಿ ತೆಗೆದೆ, ಸರಿ. ಅದರ ಜತೆಗೆ ಸಿನಿಮಾ ಅನ್ನೋ ಮಾತೂ ತೆಗೆದು ಒಗೆದಿದ್ದೆ! (ಟೆಂಟಿನ ಪೋಸ್ಟರಿಗೆ ಆ ಮಾತು ಯಾರು ಬರೀತಾರೆ? ರಾಣಿ ಮುಖ ನೋಡಿದ್ರೆ ಗೊತ್ತಾಗ್ತೈತೆ.) ವಿರೂಪಾಕ್ಷನ ಹಾಳೆನೇ ಹಚ್ಚಿದ್ರೆ ಯಾರೂ ಓದ್ತಿರ್ಲಿಲ್ಲ, ಯಾರೂ ಓಡ್ತಿರ್ಲಿಲ್ಲ.

"ಪ್ಲೇಗ್ ಅಲ್ಲ ಅಂತ ಹೇಳಕ್ಕಾ ನೀನು."

"ಹೇಳ್ದೆ. ಗಂಗಮ್ಮನ ತಮ್ಮ ಸೂಜಿಯೋರ ಜತೆ ಸೇರ್ಕಂಡಾನೆ ಅಂದ್ರು."

ದಿನ ಉಳಿದಿದ್ದು ಮೂರು. ಬಿಟ್ಟು ಹೋಗಾಕೆ ಆಗ್ತೈತಾ? ಇನ್ನೊಂದು ಬರೀತೀನಿ ಅಂದೆ. "ನಿನ್ನ ಮುಖ ಬರೀತೀನಿ ಅಕ್ಕಾ. ಗುರ್ತಿನ ಮುಖ ನೋಡಿದ್ರೆ ಬರ್ತಾರೆ."

ಒಳಗಿಂದ ಭಾವ ಗುಡುಗಿದ್ರು. "ನನ್ನ ಹೆಂಡ್ತಿನ ನಾಟಕದೋಳ ಥರ ತಗಲಾಕ್ತೀಯೇನಲೇ?"

ಅಕ್ಕ ಎಡಗೈ ಸೆರಗಿಂದ ಈಚೆ ತೆಗೆದ್ಲು. ಮೊಣಕೈ ಮಟ ಹಚ್ಚೆ. ಚೇಳು, ತುಳಸಿಕಟ್ಟೆ, ಐದು ಚುಕ್ಕೆ. "ಮುಖ ಬ್ಯಾಡ. ಇದನ್ನ ಬರಿ. ಈ ಊರ ಹೆಂಗಸರು ಈ ಕೈ ಜತೆ ಇಪ್ಪತ್ತು ವರ್ಷ ನೀರು ತುಂಬಿದಾರೆ. ಗುರ್ತು ಹಿಡಿದೇ ಇದ್ರೆ ಕೇಳು."

"ಆಡ್ಕಂತಾರೆ ಅಕ್ಕಾ."

"ಈಗ ಹೊಗಳ್ತಾರಾ? ಕಾಶಿ ಮಲಗೋದಕ್ಕಿಂತ ನನ್ನ ಆಡ್ಕಳ್ಳಿ. ಬರಿ."

ಬರೆದೆ. ಬಿಳೀ ಸುಣ್ಣದ ಮ್ಯಾಲೆ ಒಂದು ಕೈ, ಕೊಡದ ಬಾಯಿಗೆ ಬಟ್ಟೆ ಹಿಡಿದಿದ್ದು. ಹಚ್ಚೆ ಒಂದೊಂದು ಚುಕ್ಕೆನೂ ಅಕ್ಕನ್ನ ಕುಂದ್ರಿಸ್ಕಂಡು ನೋಡಿ ಹಾಕ್ದೆ. ಮ್ಯಾಲೆ ಈ ಸಲ ಮೊಳದುದ್ದ ಅಕ್ಷರದಾಗೆ: "ಸಿನಿಮಾ." ಹಚ್ಚಾಕೆ ಗ್ವಾಡೆ ಎಲ್ಲೈತೆ? ಜನ ಹೊಲದಾಗೆ. ಬಿದಿರು ತಟ್ಟಿಗೆ ಅಂಟಿಸಿ ಗಾಡಿ ಎರಡೂ ಮಗ್ಗುಲಿಗೆ ಕಟ್ಟಿದ್ವಿ. ವಿರೂಪಾಕ್ಷನ್ನೂ ಹತ್ತಿಸ್ಕಂಡು ಗುಡ್ಲಿಂದ ಗುಡ್ಲಿಗೆ ಹೊಡೆದ್ವಿ. ಹಾಲಪ್ಪಗೆ ಈ ಸಲ ಬಾಯಿಗೆ ಬಂದಿದ್ದು ಕೂಗು ಅಂದಿದ್ದೆ.

"ನಿಮ್ಮ ಬಾವಿ! ನಿಮ್ಮ ಎಮ್ಮೆ! ನಿಮ್ಮ ಬೀದಿ! ಪರದೆ ಮ್ಯಾಲೆ ಓಡಾಡ್ತಾವಂತ್ರಪ್ಪೋ!"

ಮೊದ್ಲು ಹೆಂಗಸರು ಬಂದ್ರು. "ಅಯ್ಯಯ್ಯ, ಇದು ಗಂಗಮ್ಮನ ಕೈ ಅಲ್ಲೇನೇ! ಚೇಳು ನೋಡೇ!" ಅಂತ ಒಬ್ಬಳು ಬಾಯಿ ಮ್ಯಾಲೆ ಕೈ ಇಟ್ಲು. ಸೂಜಿ ಭಯ ಅಲ್ಲಿಗೆ ಹೋತು. ಗಂಡಸರು ಎಮ್ಮೆ ವಿಚಾರ ಕೇಳಾಕೆ ಶುರು ಮಾಡಿದ್ರು. ಯಾರ ಎಮ್ಮೆ, ಎಷ್ಟು ಹೊತ್ತು ಕಾಣ್ತೈತೆ.

ಕೊನೇ ಗುಡ್ಲು ಹೊನ್ನಮ್ಮಂದು. ಸೊಂಟದ ಮ್ಯಾಲೆ ಕೈ ಇಟ್ಕಂಡು ನಿಂತಿದ್ಲು.

"ಬೀಗತಿ ಕೈ ಮಾತ್ರ ಮೆರವಣಿಗೆ ಹೊಂಟೈತೋ? ಅವತ್ತು ಈ ಹುಡುಗ್ರು ಬಂದಾಗ ನಾನೂ ಬಾವಿ ಹತ್ರ ಇದ್ದೆನಪ್ಪಾ. ನಾನಿದೀನೋ ಇಲ್ಲೋ?"

"ಇದೀರಮ್ಮಾ" ಅಂದ ವಿರೂಪಾಕ್ಷ, ನೆಲ ನೋಡ್ಕಂಡು.

"ಹಂಗಾದ್ರೆ ಬರ್ತೀನಿ. ಕಾಶಿ, ರೇಷ್ಮೆ ಸೀರೆ ತೆಗೆದಿಡೇ."

ಗಾಡಿ ಮುಂದಕ್ಕೆ ಹೋದ ಮ್ಯಾಲೆ ಹುಡುಗ ನನ್ನ ಕಿವ್ಯಾಗೆ ಹೇಳ್ದ. "ಹುಣ್ಣಿನ ಕಾಲು ತಗೊಂಡು ನೀರಿಗೆ ಇಳಿಯೋರು ಅವ್ರೇ ರುದ್ರಪ್ಪ. ಹಿಂದಿಂದ ತೆಗೆದಿದೀವಿ, ಮುಖ ಕಾಣಲ್ಲ. ಹೇಳಿಬಿಡಾಣ."

"ಹೇಳಿದ್ರೆ ಬರ್ತಾಳಾ?"

"ಬರಲ್ಲ."

"ಹಂಗಾದ್ರೆ ಬಾಯಿ ಮುಚ್ಕಳ್ರಿ."

ತಪ್ಪಾ? ತಪ್ಪೇ ಇರ್ಬೇಕು. ನಮ್ಮ ಹತ್ರ ಇದ್ದಿದ್ದು ಬುಧವಾರ ಒಂದೇ.

ಬುಧವಾರ ಸಂಜೆ ಗಾಡಿ ಮ್ಯಾಲೆ ಗಾಡಿ ಬಂದ್ವು. ದೀಪ ಆರ್‍ತು. ಡಾಕ್ಟ್ರ ಮನೆಯಿಂದ ತಂದ ಪುಟ್ಟ ಪ್ರೊಜೆಕ್ಟರ್ ಮಿಷನ್ನು ಕಟಕಟ ಅಂತು. ಎಮ್ಮೆ ಕಂಡಾಗ ಸಿಳ್ಳೆ. ಬಾವಿ ಕಂಡಾಗ ಕೇಕೆ. ಆಮ್ಯಾಲೆ ಒಬ್ಬ ಹೆಂಗಸಿನ ಬೆನ್ನು. ಬಲಗಾಲಿಗೆ ಚಿಂದಿ ಸುತ್ತೈತೆ, ಎಳ್ಕಂಡು ಎಳ್ಕಂಡು ಮೆಟ್ಟಿಲು ಇಳೀತೈತೆ. ಚಿಂದಿ ಬಿಚ್ತು. ಕಡ್ಡಿಗೆ ಸುತ್ತಿದ ಹುಳ. ಕಾಲು ನೀರಿಗೆ ಇಳೀತು. ಮಗ್ಗುಲಾಗೇ ಇನ್ನೊಬ್ಬಳು ಕೊಡ ಮುಳುಗಿಸಿದ್ಲು.

ಮುಖ ಯಾಕ್ರೀ ಬೇಕು? ಆ ನಡಿಗೆ ಇಡೀ ಊರಿಗೆ ಗೊತ್ತು. ಟೆಂಟಿನಾಗಿನ ತಲೆ ಎಲ್ಲಾ ಹೊನ್ನಮ್ಮನ ಕಡೆ ಹೊರಳಿದ್ವು.

ಹೊನ್ನಮ್ಮ ರೇಷ್ಮೆ ಸೀರೆ ಸೆರಗು ಮುಖಕ್ಕೆ ಎಳ್ಕಂಡು ಕುಂತಿದ್ಲು. ಅಕ್ಕ ನೀರು ಸೋಸೋದು ಬಂತು, ಹೋತು. ದೊಡ್ಡ ಪಿಕ್ಚರ್ ಶುರುವಾಗೋಕೆ ಮುಂಚೆನೇ ಎದ್ದು ಗಾಡಿ ಕಟ್ಟಿಸಿದ್ಲು. ನನ್ನ ಕಡೆ ತಿರುಗಿ ನೋಡ್ಲಿಲ್ಲ. ಕೆಲಸ ಕೆಡ್ತು ಅಂದ್ಕಂಡೆ. ಅಕ್ಕನೂ ಹಂಗೇ ಅಂದ್ಲು. "ಇನ್ನು ಕಾಶಿನ ತೌರಿಗೂ ಕಳಿಸಲ್ಲ ನೋಡು."

ಮಾರನೇ ಬೆಳಿಗ್ಗೆ ಬಾವಿ ಹತ್ರ ಹೋಗಿ ನಿಂತೆ. ಬಹಳ ಮಂದಿ ಹೆಂಗಸರು ಹಳೇ ಥರನೇ ಇಳಿದ್ರು, ತುಂಬಿದ್ರು, ನಡೆದ್ರು. (ಹತ್ತು ನಿಮಿಷದ ಸಿನಿಮಾಕ್ಕೆ ಊರು ಬದಲಾಗ್ತೈತೆ ಅಂತ ನಾನು ಹೇಳಲ್ಲ.) ಕಡೀಗೆ ಕಾಶಿ ಬಂದ್ಲು. ಖಾಲಿ ಕೊಡದ ಬಾಯಿಗೆ ಬಿಳೀ ಪಂಚೆ, ಎರಡು ಮಡಿಕೆ, ಬಿಗಿಯಾಗಿ ಕಟ್ಟಿತ್ತು.

"ಯಾರೇ ಕಟ್ಟಿದ್ದು?"

"ಅತ್ತೆ."

"ಏನಂದ್ಲು?"

ಕಾಶಿ ಅತ್ತ ಇತ್ತ ನೋಡಿ ಸಣ್ಣಗೆ ಹೇಳಿದ್ಲು. "'ಯಾರೋ ಒಬ್ಬಳು ಹುಣ್ಣಿನ ಕಾಲು ತಗೊಂಡು ಬಾವಿಗೆ ಇಳೀತಾಳೆ ಕಣೇ. ಅವ್ಳ ನೀರು ನೀನು ಕುಡೀಬ್ಯಾಡ' ಅಂದ್ರು ಮಾವಾ."

ಆ ಒಬ್ಬಳು ಯಾರು ಅಂತ ನಾನು ಬಾಯಿ ಬಿಡ್ಲಿಲ್ಲ. ನೀವೂ ಯಾರ ಹತ್ರನೂ ಆಡಬ್ಯಾಡ್ರಿ.

ಆದ್ರೆ ಆ 'ಯಾರೋ ಒಬ್ಬಳು' ಇಲ್ಲದ ಬಾವಿ ನಿಮ್ಮೂರಾಗೆ ಐತೇನ್ರಿ?